ನಿಲ್ಲಿಸಿದ ಕ್ಯಾರವಾನ್ ವಾಲುತ್ತಿದೆಯಾ, ಅಲುಗಾಡುತ್ತಿದೆಯಾ? ದೋಷ ಹುಡುಕುವ ಬಗೆ

ಸಂಜೆ ಮಟ್ಟವಾಗಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಕಡೆ ವಾಲಿರುತ್ತದೆ. ಇಲ್ಲವೇ ಒಳಗೆ ಮಕ್ಕಳು ಎರಡು ಹೆಜ್ಜೆ ನಡೆದರೆ ಸಾಕು, ಒಲೆಯ ಮೇಲಿನ ಚಹಾ ತುಳುಕುತ್ತದೆ. ನಿನ್ನೆ ಸಲೀಸಾಗಿ ಹಾಕಿಕೊಳ್ಳುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಉಜ್ಜುತ್ತದೆ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನ್ ಇಟ್ಟುಕೊಂಡವರಿಗೆ ಇದೆಲ್ಲ ಹೊಸದಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ: ಹ್ಯಾಂಡಲ್ ತಂದು ಮೂಲೆಯ ಕಾಲನ್ನು ಇನ್ನೆರಡು ಸುತ್ತು ತಿರುಗಿಸುವುದು. ದಯವಿಟ್ಟು ಅದನ್ನು ಮಾಡಬೇಡಿ. ಯಾಕೆ ಅನ್ನುವುದೇ ಈ ಬರಹದ ವಿಷಯ.

ಕ್ಯಾರವಾನಿನ ನಾಲ್ಕು ಮೂಲೆಯಲ್ಲಿರುವ ಕಾಲುಗಳನ್ನು ನಾವೆಲ್ಲ ಜಾಕ್ ಅಂತ ಕರೆಯುತ್ತೇವೆ. ತಪ್ಪು ಶುರುವಾಗುವುದು ಅಲ್ಲಿಂದಲೇ. ಜಾಕ್ ಅಂದರೆ ಭಾರ ಎತ್ತುವ ಸಾಧನ. ಈ ಕಾಲುಗಳು ಭಾರ ಎತ್ತಲು ಮಾಡಿದವಲ್ಲ, ಗಾಡಿ ಅಲುಗದಂತೆ ತಡೆಯಲು ಮಾಡಿದವು. ಗಾಡಿಯ ಭಾರ ಗಾಲಿಗಳ ಮೇಲೆ ಇರಬೇಕು. ಸ್ವಲ್ಪ ಪಾಲು ಮುಂದಿನ ಪುಟ್ಟ ಗಾಲಿ, ಅಂದರೆ ಜಾಕಿ ವೀಲ್ ಮೇಲೆ ಇರುತ್ತದೆ. ಕಾಲುಗಳು ನೆಲಕ್ಕೆ ಗಟ್ಟಿಯಾಗಿ ಊರಿದ್ದರೆ ಸಾಕು. ಎತ್ತಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎತ್ತು ಬಿಚ್ಚಿದ ಮೇಲೆ ಮೂಕಿಗೆ ಆಸರೆ ಕೋಲು ಕೊಡುತ್ತಾರೆ. ಆ ಕೋಲಿನಿಂದ ಗಾಡಿಯನ್ನು ಯಾರೂ ಮೇಲೆತ್ತುವುದಿಲ್ಲ, ಅಲ್ವಾ?

ನಾನು ಇದನ್ನು ಕಲಿತದ್ದು ಸಿಂಧನೂರು ಹತ್ತಿರ, ನಮ್ಮ ಭಾವನ ಹೊಲದ ಅಂಚಿನಲ್ಲಿ. ಮೇ ತಿಂಗಳ ಕೊನೆ. ಎರೆ, ಅಂದರೆ ಕಪ್ಪು ಮಣ್ಣಿನ ನೆಲ ಕಲ್ಲಿನಂತೆ ಒಣಗಿತ್ತು. ಪಕ್ಕದ ಹೊಲದ ಹಿರಿಯರೊಬ್ಬರು ಬಂದು ನೋಡಿ, "ತಮ್ಮಾ, ಎರಿ ಹೊಲದಾಗ ಯಾಕ ನಿಲ್ಲಿಸೀದಿ? ರಾತ್ರಿ ಮಳಿ ಬಂದ್ರ ನೆಲ ನಿನ್ನ ಮಾತು ಕೇಳಂಗಿಲ್ಲ ನೋಡು" ಅಂದರು. ನೆಲ ಇಷ್ಟು ಗಟ್ಟಿ ಇದೆಯಲ್ಲ ಅಂತ ನಾನು ಅಲ್ಲೇ ಉಳಿದೆ. ರೋಹಿಣಿ ಮಳೆ ಆ ರಾತ್ರಿಯೇ ಬಂತು. ಎರಡು ಗಂಟೆಗೆ ಗಾಡಿ ಹಿಂದಿನ ಎಡಮೂಲೆಗೆ ವಾಲಿತು. ಒಳಗೆ ಮನೆಯವರು, ಮಕ್ಕಳು ಮಲಗಿದ್ದರು. ನಾನು ಕೆಸರಿನಲ್ಲಿ ಕೂತು ಆ ಮೂಲೆಯ ಕಾಲನ್ನು ತಿರುಗಿಸಿ ತಿರುಗಿಸಿ ಗಾಡಿಯನ್ನು ಎತ್ತಲು ನೋಡಿದೆ. ಕಾಲಿನ ಸ್ಕ್ರೂ ಬಾಗಿತು. ಬೆಳಿಗ್ಗೆ ನೋಡಿದರೆ ಗಾಡಿಯ ತಳದ ಚೌಕಟ್ಟಿಗೆ, ಅಂದರೆ ಚಾಸಿಗೆ ಕಾಲನ್ನು ಹಿಡಿದಿದ್ದ ಬೆಸುಗೆಯೂ ಬಿರುಕು ಬಿಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಕೂತಿದ್ದ ಜಾಗ ನೆನಪಾದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಎಲ್ಲಕ್ಕಿಂತ ಮೊದಲು: ಗಾಡಿ ವಾಲಿದಾಗ ಒಳಗಿರುವವರನ್ನು ಹೊರಗೆ ಕರೆಯಿರಿ. ಗಾಲಿಗಳ ಎರಡೂ ಬದಿಗೆ ಬೆಣೆ ಇಡಿ. ಕಾಲುಗಳ ಮೇಲೆ ನಿಂತ ಗಾಡಿಯ ಕೆಳಗೆ ತಲೆ, ಕೈ ಹಾಕಬೇಡಿ. ಆಮೇಲೆ ಹುಡುಕಲು ಶುರು ಮಾಡಿ.

ರಾತ್ರೋರಾತ್ರಿ ವಾಲಿದೆ

ಮೊದಲು ನೋಡಬೇಕಾದದ್ದು ನೆಲ ಅಲ್ಲ, ಟೈರು. ನಮ್ಮ ಕಡೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದರ ಮುಳ್ಳು ಟೈರಿಗೆ ಚುಚ್ಚಿದರೆ ಗಾಳಿ ತಕ್ಷಣ ಹೋಗುವುದಿಲ್ಲ, ರಾತ್ರಿಯಿಡೀ ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಆ ಕಡೆಗೆ ವಾಲಿರುತ್ತದೆ. ನಾವು ನೆಲ ಕುಸಿದಿದೆ ಅಂತ ಹಲಗೆ ಹುಡುಕುತ್ತೇವೆ. ಎರಡೂ ಟೈರಿನ ಗಾಳಿಯನ್ನು ಗೇಜ್ ಹಾಕಿ ನೋಡಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ನೋಡಿದರೆ ಒಳ್ಳೆಯದು. ಬಿಸಿಲಿಗೆ ನಿಂತ ಕಡೆಯ ಟೈರಿನಲ್ಲಿ ಒತ್ತಡ ಏರಿ ಲೆಕ್ಕ ತಪ್ಪಿಸುತ್ತದೆ. ಪಂಕ್ಚರ್ ಆಗಿದ್ದರೆ ದಾರಿ ಬೇರೆ: ಆ ಟೈರನ್ನು ಬಿಚ್ಚಲು ಆಕ್ಸಲ್ ಹತ್ತಿರ ಚಾಸಿಯ ಗುರುತು ಮಾಡಿದ ಜಾಗಕ್ಕೆ ನಿಜವಾದ ಜಾಕ್ ಕೊಡಬೇಕು. ಆಗಲೂ ಮೂಲೆಯ ಕಾಲಿನಿಂದ ಎತ್ತುವಂತಿಲ್ಲ.

ಟೈರು ಸರಿ ಇದ್ದರೆ ಮುಂದಿನ ಪ್ರಶ್ನೆ: ಕಾಲು ಜಾರಿತೋ, ನೆಲ ಕುಸಿಯಿತೋ? ಇದನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅದಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಗಾಡಿ ನಿಲ್ಲಿಸಿದ ಸಂಜೆ ಪ್ರತಿ ಮೂಲೆಯಲ್ಲಿ ಎರಡು ಅಳತೆ ಟೇಪ್ ಹಿಡಿದು ತೆಗೆದುಕೊಳ್ಳುತ್ತೇನೆ. ಒಂದು, ಚಾಸಿಯಿಂದ ಕಾಲಿನ ಕೆಳಗಿನ ಹಲಗೆಯವರೆಗೆ. ಇನ್ನೊಂದು, ಹಲಗೆಯ ಮೇಲ್ಭಾಗದಿಂದ ಪಕ್ಕದ ನೆಲದವರೆಗೆ. ಮುಂದಿನ ಪುಟ್ಟ ಗಾಲಿಯ ಕೊಳವೆ ಕ್ಲಾಂಪಿನ ಕೆಳಗೆ ಹೊರಬರುವ ಜಾಗದಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯುತ್ತೇನೆ. ಐದು ನಿಮಿಷದ ಕೆಲಸ.

ಬೆಳಿಗ್ಗೆ ಗಾಡಿ ವಾಲಿದ್ದು, ಮೊದಲನೇ ಅಳತೆ ಕಡಿಮೆಯಾಗಿದ್ದರೆ ಕಾಲೇ ಕುಗ್ಗಿದೆ. ಸ್ಕ್ರೂ ಸವೆದಿದೆ, ಅಥವಾ ಕಾಲು ಬಾಗಿದೆ. ಮೊದಲನೇ ಅಳತೆ ಹಾಗೇ ಇದ್ದು, ಎರಡನೇದು ಕಡಿಮೆಯಾಗಿದ್ದರೆ ಹಲಗೆ ನೆಲಕ್ಕೆ ಇಳಿದಿದೆ. ಗಾಡಿಯ ಮೂತಿ ಮಾತ್ರ ತಗ್ಗಿದ್ದರೆ ಮಾರ್ಕರ್ ಗೆರೆಯನ್ನೂ ನೋಡಿ. ಗೆರೆ ಕ್ಲಾಂಪಿನೊಳಗೆ ಹೋಗಿದ್ದರೆ ಕ್ಲಾಂಪ್ ಹಿಡಿತ ಬಿಟ್ಟಿದೆ. ಕ್ಲಾಂಪಿಗೆ ಅಂಟಿದ ಗ್ರೀಸು, ಧೂಳು ಒರೆಸಿ ಬಿಗಿ ಮಾಡಿ. ಆಮೇಲೂ ಜಾರಿದರೆ ಕ್ಲಾಂಪ್ ಬದಲಿಸುವುದೇ ಸರಿ. ಗೆರೆ ಇದ್ದಲ್ಲೇ ಇದ್ದರೆ ಪುಟ್ಟ ಗಾಲಿಯ ಕೆಳಗಿನ ನೆಲ ಕುಸಿದಿದೆ. ಆ ಗಾಲಿ ತುಂಬ ಸಣ್ಣದು. ಮಣ್ಣಿನ ಮೇಲೆ ಸುಮ್ನೆ ಬಿಟ್ಟರೆ ಹೂತುಕೊಳ್ಳುತ್ತದೆ. ಕೆಳಗೆ ಹಲಗೆ ಬೇಕೇ ಬೇಕು.

ನೆಲದ ಮಾತು

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ, ಈ ನಮ್ಮ ಮೂರು ಜಿಲ್ಲೆಯಲ್ಲಿ ಬರುವ ದೂರುಗಳಲ್ಲಿ ನಾನು ಕಂಡ ಹೆಚ್ಚಿನವು ನೆಲದಿಂದಲೇ ಬಂದವು.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಹೊಲಗಳಲ್ಲಿ ಕೈ ತೂರುವಷ್ಟು ಅಗಲದ ಸೀಳು ಬಿಟ್ಟಿರುತ್ತವೆ. ಮೇಲೆ ಧೂಳು ತುಂಬಿ ಸೀಳು ಕಾಣುವುದಿಲ್ಲ. ಕಾಲಿನ ಪಾದ ಅದರ ಬಾಯಿಯ ಮೇಲೆ ಕೂತಿದ್ದರೆ ಸಂಜೆ ಗಟ್ಟಿ, ಮಧ್ಯರಾತ್ರಿ ಪಾತಾಳ. ಇಲಿ ಬಿಲಗಳೂ ಹಾಗೆಯೇ. ಆದ್ದರಿಂದ ಹಲಗೆ ಇಡುವ ಮೊದಲು ಆ ಜಾಗದಲ್ಲಿ ಕಬ್ಬಿಣದ ಸಲಾಕೆಯಿಂದ ನಾಲ್ಕು ಕಡೆ ಚುಚ್ಚಿ ನೋಡಿ. ಸಲಾಕೆ ಒಂದೇ ಸಲಕ್ಕೆ ಒಳಗೆ ಹೋದರೆ ಗಾಡಿಯನ್ನು ಎರಡಡಿ ಸರಿಸಿ.

ಮಳೆ ಬಿದ್ದ ಎರೆಯ ಮೇಲೆ ಗಾಡಿಯನ್ನು ಮಟ್ಟ ಮಾಡಲು ಹೋಗಬೇಡಿ. ಆಗ ಮಾಡುವ ಕೆಲಸ ಅಂದರೆ ಕಾಲುಗಳನ್ನು ಸಡಿಲಿಸಿ ಗಾಡಿಯನ್ನು ಗಾಲಿಯ ಮೇಲೆ ಕೂರಲು ಬಿಡುವುದು, ಒಳಗೆ ಯಾರೂ ಮಲಗದಂತೆ ನೋಡಿಕೊಳ್ಳುವುದು, ಒಣಗುವವರೆಗೆ ಕಾಯುವುದು. ಕಾರಿನಿಂದ ಎಳೆಯಲು ಹೋದರೆ ಕಾರೂ ಹೂತುಕೊಳ್ಳುತ್ತದೆ. ನಮ್ಮ ಗಾಡಿಯನ್ನು ಮೂರನೇ ದಿನ ಭಾವನ ಟ್ರ್ಯಾಕ್ಟರ್ ಎಳೆದು ರಸ್ತೆಗೆ ಹಾಕಿತು.

ತುಂಗಭದ್ರಾ ಎಡದಂಡೆ ಕಾಲುವೆ ಹಾದುಹೋಗುವ ಗಂಗಾವತಿ, ಕಾರಟಗಿ ಭಾಗದಲ್ಲಿ ಮಳೆ ಇಲ್ಲದಿದ್ದರೂ ನೆಲ ತೇವ ಇರಬಹುದು. ಗದ್ದೆಗೆ ನೀರು ಬಿಟ್ಟ ದಿನ ಪಕ್ಕದ ಬದುವಿನ ಮಣ್ಣೂ ನೆನೆಯುತ್ತದೆ. ನಿಲ್ಲಿಸುವ ಮೊದಲು ಹೊಲದವರನ್ನು ಕೇಳಿ: ಜಾಗಕ್ಕೆ ಒಪ್ಪಿಗೆ, ಜೊತೆಗೆ ನೀರು ಯಾವಾಗ ಬಿಡುತ್ತೀರಿ ಅನ್ನುವುದು. ಎರಡನೇ ಪ್ರಶ್ನೆಗೆ ಅವರಷ್ಟು ಸರಿಯಾದ ಉತ್ತರ ಯಾರೂ ಕೊಡಲಾರರು.

ಸಾಣಾಪುರ, ಆನೆಗೊಂದಿ ಕಡೆ ತೊಂದರೆ ಉಲ್ಟಾ. ಅಲ್ಲಿ ಹಾಸುಬಂಡೆ ಕುಸಿಯುವುದಿಲ್ಲ, ಆದರೆ ಜಾರುತ್ತದೆ. ಬಂಡೆಯ ಮೇಲಿನ ಸಣ್ಣ ಮರಳು ಗೋಲಿಗಳಂತೆ ಕೆಲಸ ಮಾಡುತ್ತದೆ. ಕಾಲಿನ ಪಾದವೂ ಜಾರುತ್ತದೆ, ಗಾಲಿಗೆ ಕೊಟ್ಟ ಬೆಣೆಯೂ ಜಾರುತ್ತದೆ. ಮೊದಲು ಪೊರಕೆಯಿಂದ ಗುಡಿಸಿ, ಮರದ ಹಲಗೆಯ ಕೆಳಗೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಹಾಸಿ. ಬೆಣೆಗೂ ರಬ್ಬರ್ ಹಾಸಿ. ಇಳಿಜಾರು ಬಂಡೆ ಎಷ್ಟೇ ಚೆಂದದ ನೋಟ ಕೊಟ್ಟರೂ ಅಲ್ಲಿ ರಾತ್ರಿ ಕಳೆಯಬೇಡಿ. ನನ್ನ ಮಟ್ಟಿಗೆ ಈ ಭಾಗದಲ್ಲಿ ಎಲ್ಲಕ್ಕಿಂತ ಒಳ್ಳೆಯ ನೆಲ ಅಂದರೆ ಗರಸು ಹಾಕಿ ರೋಲರ್ ಓಡಿಸಿದ ಜಾಗ, ಇಲ್ಲವೇ ಗಟ್ಟಿ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ.

ಈಗ ಹಲಗೆ ಯಾಕೆ ಅನ್ನುವ ಲೆಕ್ಕ. ಕಾಲಿನ ಪಾದ 8 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ ಅಂತ ಇಟ್ಟುಕೊಳ್ಳಿ. ಅದು 64 ಚದರ ಸೆಂ.ಮೀ. ಕೆಳಗೆ 30 ಸೆಂ.ಮೀ. ಚೌಕದ ಹಲಗೆ ಇಟ್ಟರೆ 900 ಚದರ ಸೆಂ.ಮೀ. ಅದೇ ಭಾರ ಸುಮಾರು 14 ಪಟ್ಟು ಜಾಗಕ್ಕೆ ಹಂಚಿತು. ಆದರೆ ಹಲಗೆ ಬಾಗಬಾರದು. ಬಾಗಿದರೆ ಭಾರ ನಡುವಿಗೇ ಬೀಳುತ್ತದೆ. 18 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿ ಸ್ಕ್ರೂ ಹಾಕಿದರೆ ಸಾಕಾಗುತ್ತದೆ.

ಕೈಗೆ ಸಿಕ್ಕಿದ್ದನ್ನು ಇಡಬೇಡಿ. ಕಡಪ ಕಲ್ಲು, ಶಹಾಬಾದ್ ಕಲ್ಲು ನಮ್ಮಲ್ಲಿ ಎಲ್ಲ ಕಡೆ ಬಿದ್ದಿರುತ್ತವೆ. ಕೆಳಗೆ ಪೂರ್ತಿ ಕೂರದಿದ್ದರೆ ಒಂದೇ ಕಡೆ ಭಾರ ಬಿದ್ದು ತಟ್ಟನೆ ಒಡೆಯುತ್ತವೆ. ಟೊಳ್ಳು ಸಿಮೆಂಟ್ ಇಟ್ಟಿಗೆ ಇನ್ನೂ ಅಪಾಯ. ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಒಂದರ ಮೇಲೊಂದು ಕಲ್ಲು ಪೇರಿಸಿ ಕಂಬ ಮಾಡುವುದಂತೂ ಬೇಡವೇ ಬೇಡ. ಇನ್ನೊಂದು ಮಾತು: ದಾರಿ ಬದಿಯ ಕಲ್ಲನ್ನು ಬರಿಗೈಯಲ್ಲಿ ಎತ್ತಬೇಡಿ. ಬೂಟಿನಿಂದ ಹೊರಳಿಸಿ ನೋಡಿ. ಕೆಳಗೆ ಚೇಳು ಇರಬಹುದು.

ನಡೆದರೆ ಅಲುಗಾಡುತ್ತದೆ

ಅಲುಗಾಟದಲ್ಲಿ ಎರಡು ಬಗೆ. ಯಾವ ಬಗೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಒಬ್ಬರು ಹೊರಗೆ ನಿಂತು ಗಾಡಿಯ ಮೂಲೆಯನ್ನು ಅಂಗೈಯಿಂದ ಒತ್ತಿ ಬಿಡಲಿ. ಇನ್ನೊಬ್ಬರು ದೂರದಿಂದ ಕಾಲುಗಳನ್ನು ನೋಡಲಿ.

ಅಡ್ಡಡ್ಡ ತೂಗಿದರೆ ಕಾಲುಗಳ ಕಡೆ ಗಮನ. ಯಾವುದೋ ಒಂದು ಪಾದ ಹಲಗೆಯಿಂದ ಎದ್ದು ಕೂರುತ್ತಿರುತ್ತದೆ. ಆ ಕಾಲನ್ನು ಹಲಗೆಗೆ ತಾಗುವವರೆಗೆ ಇಳಿಸಿ, ಹ್ಯಾಂಡಲ್ ಬಿಗಿಯಾದ ಮೇಲೆ ಅರ್ಧ ಸುತ್ತು ಕೊಟ್ಟು ನಿಲ್ಲಿಸಿ. ಟೈರಿನ ಉಬ್ಬು ಕಡಿಮೆಯಾಗುತ್ತಿದೆ ಅಂತ ಕಂಡರೆ ನೀವು ಗಾಡಿಯನ್ನು ಎತ್ತುತ್ತಿದ್ದೀರಿ. ಹಿಂದಕ್ಕೆ ತಿರುಗಿಸಿ. ಪಾದ ಗಟ್ಟಿಯಾಗಿದ್ದು ಹಲಗೆಯೇ ಕುಣಿಯುತ್ತಿದ್ದರೆ ಅದರ ಕೆಳಗೆ ಒಂದು ಕಲ್ಲಿನ ಚೂರು ಸಿಕ್ಕಿಕೊಂಡಿದೆ. ಅಷ್ಟೇ.

ಹಿಂದೆ ಮುಂದೆ ತೂಗಿದರೆ ಗಾಲಿ ಉರುಳುತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ ಅಂತ ನಂಬಿ ಕೂರಬೇಡಿ. ಓವರ್‌ರನ್ ಬ್ರೇಕ್, ಅಂದರೆ ಕಾರು ನಿಧಾನಿಸಿದಾಗ ಗಾಡಿ ಮುಂದಕ್ಕೆ ತಳ್ಳುವ ಒತ್ತಡಕ್ಕೆ ತಾನಾಗಿ ಹಿಡಿಯುವ ಬ್ರೇಕ್ ಇರುವ ಗಾಡಿಗಳಲ್ಲಿ ರಿವರ್ಸ್ ತೆಗೆಯಲು ಅನುಕೂಲ ಆಗಲಿ ಅಂತ, ಗಾಲಿ ಹಿಂದಕ್ಕೆ ತಿರುಗಿದಾಗ ಬ್ರೇಕ್ ಸಡಿಲ ಬಿಡುವ ವ್ಯವಸ್ಥೆ ಇರುತ್ತದೆ. ಹೀಗಾಗಿ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಸ್ವಲ್ಪ ಹಿಂದಕ್ಕೆ ಸರಿದು ಆಮೇಲೆ ಹಿಡಿಯುತ್ತದೆ. ಲಿವರ್ ತಾನಾಗಿ ಇನ್ನಷ್ಟು ಮೇಲೇಳುವುದೂ ಉಂಟು. ಅದು ದೋಷ ಅಲ್ಲ. ಆದರೆ ಆ ಒಂದು ಗೇಣು ಸರಿದಾಟದಲ್ಲಿ ಕಾಲುಗಳು ಓರೆಯಾಗಿ ಬಾಗುತ್ತವೆ. ಬೆಣೆ ಇರುವುದು ಇದಕ್ಕೇ. ಎತ್ತು ಬಿಚ್ಚುವ ಮೊದಲು ಗಾಲಿಗೆ ಕಲ್ಲು ಕೊಡುವ ಕ್ರಮ ಇಲ್ಲಿಯೂ ನಡೆಯಬೇಕು: ಕಾರಿನ ಕೊಂಡಿ ಬಿಚ್ಚುವ ಮೊದಲೇ ಬೆಣೆ.

ಎರಡೇ ಗಾಲಿಯ ಗಾಡಿಯಲ್ಲಿ ಇನ್ನೊಂದು ಅಪಾಯ ಇದೆ. ಕಾರು ಬಿಚ್ಚಿದ್ದೀರಿ, ಹಿಂದಿನ ಕಾಲು ಇನ್ನೂ ಇಳಿಸಿಲ್ಲ. ಆಗ ಇಬ್ಬರು ಮಕ್ಕಳು ಹಿಂದಿನ ಹಾಸಿಗೆಗೆ ಓಡಿದರೆ ಮೂತಿ ಮೇಲೆದ್ದು ಹಿಂಭಾಗ ನೆಲಕ್ಕೆ ಬಡಿಯಬಹುದು. ನಾಲ್ಕೂ ಕಾಲು ಊರುವವರೆಗೆ ಯಾರನ್ನೂ ಒಳಗೆ ಬಿಡಬೇಡಿ.

ಆಷಾಢದ ಗಾಳಿಯಲ್ಲಿ ಯಾರೂ ನಡೆಯದೆಯೇ ಗಾಡಿ ತೂಗುತ್ತದೆ. ಕಾಲುಗಳೆಲ್ಲ ಸರಿ ಇದ್ದರೆ ಅದು ಗಾಳಿಗೆ ಒಡ್ಡಿದ ಬದಿಯ ಸಮಸ್ಯೆ. ಮೂತಿಯನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿ. ಹೊರಗೆ ಚಾಚಿದ ನೆರಳಿನ ಬಟ್ಟೆಯನ್ನು ಮಡಚಿಡಿ.

ಬಾಗಿಲು ಹಾಕಿಕೊಳ್ಳುತ್ತಿಲ್ಲ

ಇದಕ್ಕೆ ಒಂದೇ ಪರೀಕ್ಷೆ ಸಾಕು. ಒಳಗಿನವರನ್ನು ಇಳಿಸಿ, ಬೆಣೆ ನೋಡಿಕೊಂಡು, ನಾಲ್ಕೂ ಕಾಲುಗಳನ್ನು ಸಡಿಲ ಮಾಡಿ. ಈಗ ಬಾಗಿಲು ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಯಾವುದೋ ಒಂದು ಕಾಲನ್ನು ಜಾಸ್ತಿ ಬಿಗಿದು ಗಾಡಿಯ ಮೈಯನ್ನೇ ತಿರುಚಿದ್ದೀರಿ. ಸಡಿಲ ಮಾಡಿದ ಮೇಲೂ ಉಜ್ಜಿದರೆ ತೊಂದರೆ ಕೀಲಿನಲ್ಲಿ ಅಥವಾ ಚೌಕಟ್ಟಿನಲ್ಲಿದೆ. ಕಾಲು ತಿರುಗಿಸಿ ಅದನ್ನು ಸರಿ ಮಾಡಲು ಆಗುವುದಿಲ್ಲ. ಕೆಲವರು ಕೀಲಿಗೆ ಹಲಗೆ ಚೂರು ಸಿಕ್ಕಿಸಿ ಬಾಗಿಲು ಸರಿ ಮಾಡುತ್ತಾರೆ. ಆದರೆ ಮೈ ತಿರುಚಿದ್ದನ್ನು ಹಾಗೇ ಬಿಟ್ಟರೆ ಕಿಟಕಿಯ ಸಂದಿನಲ್ಲಿ ಮಳೆನೀರು ಇಳಿಯಲು ಶುರುವಾಗುತ್ತದೆ.

ಫ್ರಿಜ್ ತಣ್ಣಗಾಗುತ್ತಿಲ್ಲ, ನೀರು ನಿಲ್ಲುತ್ತಿದೆ

ನಿಮ್ಮದು ಗ್ಯಾಸಿನಲ್ಲೂ ಓಡುವ, ಸದ್ದು ಮಾಡದ ಬಗೆಯ ಫ್ರಿಜ್ ಆದರೆ ಮಟ್ಟ ಬಹಳ ಮುಖ್ಯ. ಅದರಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ಬೆರೆತ ದ್ರವ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ವಾಲಿದರೆ ದ್ರವ ಕೊಳವೆಯಲ್ಲಿ ನಿಂತುಬಿಡುತ್ತದೆ, ಕೆಳಗಿನ ಬಾಯ್ಲರ್ ಕಾಯುತ್ತಲೇ ಇರುತ್ತದೆ. ಹೀಗೇ ದಿನಗಟ್ಟಲೆ ಓಡಿಸಿದರೆ ಆ ಭಾಗ ಕೆಡಬಹುದು. ಸಾಮಾನ್ಯವಾಗಿ 3 ಡಿಗ್ರಿಯೊಳಗೆ ಇಟ್ಟುಕೊಳ್ಳಿ. ಗಾಲಿಗಳ ನಡುವೆ 2 ಮೀಟರ್ ಇದ್ದರೆ 3 ಡಿಗ್ರಿ ಅಂದರೆ ಸುಮಾರು 10 ಸೆಂ.ಮೀ. ಏರುಪೇರು. ಕಂಪ್ರೆಸರ್ ಫ್ರಿಜ್ ಇದ್ದರೆ ಸ್ವಲ್ಪ ವಾಲಿಕೆಯನ್ನು ದೂರಬೇಡಿ. ಬ್ಯಾಟರಿ ವೋಲ್ಟೇಜ್ ನೋಡಿ, ಹಿಂದಿನ ಗಾಳಿಕಂಡಿ ಮುಚ್ಚಿದೆಯಾ ನೋಡಿ. ರಾಯಚೂರಿನ ಬಿಸಿಲಿಗೆ ಅದೇ ಸಾಕಷ್ಟು ಕಷ್ಟ. ಸಿಂಕಿನಲ್ಲಿ ನೀರು ನಿಂತರೆ ತೂತು ಇರುವ ಕಡೆಗೆ ಒಂದು ಕೂದಲೆಳೆ ಇಳಿಜಾರು ಕೊಡಿ, ಅಷ್ಟು ಸಾಕು.

ಮತ್ತೆ ಮೊದಲಿನಿಂದ ಮಟ್ಟ ಮಾಡುವುದು

ದೋಷ ಸಿಕ್ಕಿತು. ಈಗ ಸರಿ ಮಾಡಲು ಇದ್ದಲ್ಲೇ ಕಾಲು ತಿರುಗಿಸಬಾರದು. ಕಾರನ್ನು ಮತ್ತೆ ಕೊಂಡಿಗೆ ಹಾಕಿ, ನಾಲ್ಕೂ ಕಾಲು ಮೇಲೆತ್ತಿ, ಮೊದಲಿನಿಂದ ಶುರು ಮಾಡಿ.

ಅಡ್ಡ ಮಟ್ಟ ಮೊದಲು. ಮೇಸ್ತ್ರಿಗಳ ಹತ್ತಿರ ಇರುವ ರಸಮಟ್ಟವೇ ಸಾಕು, ಬೇರೆ ಸಾಧನ ಬೇಡ. 60 ಸೆಂ.ಮೀ. ಉದ್ದದ ರಸಮಟ್ಟವನ್ನು ಗಾಡಿಯ ನೆಲದ ಮೇಲೆ, ಆಕ್ಸಲ್ ಇರುವ ಜಾಗದಲ್ಲಿ ಅಡ್ಡ ಇಡಿ. ತಗ್ಗಿದ ತುದಿಯ ಕೆಳಗೆ ತೆಳು ಪಟ್ಟಿಗಳನ್ನು ಸೇರಿಸುತ್ತಾ ಹೋಗಿ, ಗುಳ್ಳೆ ನಡುವಿಗೆ ಬಂದಾಗ ನಿಲ್ಲಿಸಿ. ಪಟ್ಟಿಗಳ ಎತ್ತರ ಒಂದೂವರೆ ಸೆಂ.ಮೀ. ಬಂತು ಅನ್ನಿ. ಗಾಲಿಗಳ ನಡುವಿನ ದೂರ 200 ಸೆಂ.ಮೀ. ಅದು ರಸಮಟ್ಟದ ಉದ್ದದ ಸುಮಾರು 3.3 ಪಟ್ಟು. ಅಂದರೆ ತಗ್ಗಿದ ಕಡೆಯ ಗಾಲಿ ಸುಮಾರು 5 ಸೆಂ.ಮೀ. ಮೇಲೇರಬೇಕು. ಅಷ್ಟು ದಪ್ಪದ ಅಗಲ ಹಲಗೆ ಅಥವಾ ರ‍್ಯಾಂಪ್ ಅನ್ನು ಆ ಗಾಲಿಯ ಮುಂದೆ ಇಟ್ಟು ಕಾರಿನಿಂದ ನಿಧಾನ ಎಳೆದು ಏರಿಸಿ. ಟೈರಿನ ಪೂರ್ತಿ ಅಗಲ ಹಲಗೆಯ ಮೇಲೆ ಕೂರಬೇಕು. ದಾರಿ ತೋರಿಸುವವರು ಬದಿಯಲ್ಲಿ ನಿಲ್ಲಲಿ, ಗಾಡಿಯ ಹಿಂದೆ ಅಲ್ಲ.

ಆಮೇಲೆ ಹ್ಯಾಂಡ್‌ಬ್ರೇಕ್, ಎರಡೂ ಗಾಲಿಗೆ ಎರಡೂ ಬದಿ ಬೆಣೆ. ಪುಟ್ಟ ಗಾಲಿಯನ್ನು ಹಲಗೆಯ ಮೇಲೆ ಇಳಿಸಿ ಕ್ಲಾಂಪ್ ಬಿಗಿಯಿರಿ. ಆಗ ಮಾತ್ರ ಕಾರಿನ ಕೊಂಡಿ ಬಿಚ್ಚಿ. ಹಿಂದೆ ಮುಂದಿನ ಮಟ್ಟವನ್ನು ಪುಟ್ಟ ಗಾಲಿಯ ಹ್ಯಾಂಡಲ್ ತಿರುಗಿಸಿ ಹೊಂದಿಸಿ. ಕೊನೆಗೆ ಕಾಲುಗಳು, ಹಲಗೆಗೆ ತಾಗುವಷ್ಟು.

ಬಾಗಿದ ಕಾಲು, ಬಿರುಕು ಬಿಟ್ಟ ಬೆಸುಗೆ ಕಂಡರೆ ಆ ಮೂಲೆಯನ್ನು ಬಳಸಬೇಡಿ. ಮೂರು ಕಾಲಿನ ಮೇಲೆ ಮಲಗುವ ಯೋಚನೆಯೂ ಬೇಡ. ಬೆಸುಗೆ ಬಿರುಕು ಚಾಸಿಯವರೆಗೆ ಹೋಗಿದೆಯಾ ಅಂತ ವರ್ಕ್‌ಶಾಪಿನಲ್ಲಿ ಬಣ್ಣ ಕೆರೆದು ನೋಡಿಸಿ. ನಮ್ಮ ಗಾಡಿಯಲ್ಲಿ ಬಣ್ಣದ ಕೆಳಗೆ ಬಿರುಕು ಕಣ್ಣಿಗೆ ಕಂಡದ್ದಕ್ಕಿಂತ ಎರಡು ಬೆರಳು ಉದ್ದ ಇತ್ತು. ಕಾಲನ್ನು ಹಿಡಿದಿದ್ದ ಹಳೆಯ ಪಟ್ಟಿ ತೆಗೆದು ಹೊಸದನ್ನು ಬೋಲ್ಟ್ ಹಾಕಿ ಕೂರಿಸಿದೆವು. ಅದರ ಮೇಲೆ ಬಿಳಿ ಬಣ್ಣದಲ್ಲಿ ಮಗಳು "ಎತ್ತಬೇಡಿ" ಅಂತ ಬರೆದಿದ್ದಾಳೆ. ಈಗ ನಾಲ್ಕೂ ಮೂಲೆಗೆ ಅದೇ ಬರಹ ಇದೆ.